ಮೇಳ ತಿರುಗಿಸುವ ಪಲ್ಲ: ಬಾಖ್‌ನ ಪಿಟೀಲು, ಬ್ಯಾಲಂಚೀನ್‌ನ ಕುಣಿತ, ನಮ್ಮ ಕೋಲಾಟ

(ಸಾಣಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇವತ್ತು ನಾನು ಮಾತಾಡಲು ಆರಿಸಿಕೊಂಡದ್ದು ಇಪ್ಪತ್ತು ನಿಮಿಷದೊಳಗೆ ಮುಗಿದುಹೋಗುವ ಒಂದು ಕುಣಿತದ ಬಗ್ಗೆ. ಹೆಸರು ‘ಕಾನ್ಚೆರ್ಟೊ ಬರೋಕ್ಕೊ’. ಹತ್ತು ಜನ ಹೆಣ್ಣುಮಕ್ಕಳು, ಒಬ್ಬ ಗಂಡಸು. ರಾಜನಿಲ್ಲ, ರಾಕ್ಷಸನಿಲ್ಲ, ದೇವರ ಪ್ರಸಂಗವೂ ಇಲ್ಲ. ಬರಿದಾದ ರಂಗ, ಹಿಂದೆ ನೀಲಿ ಪರದೆ, ಮೈಮೇಲೆ ಸಾದಾ ಬಿಳಿ ಉಡುಪು. 1941ರಲ್ಲಿ ಜಾರ್ಜ್ ಬ್ಯಾಲಂಚೀನ್ ಎಂಬ ನೃತ್ಯಕಾರ, ಅದಕ್ಕೂ ಎರಡು ಶತಮಾನ ಹಿಂದೆ ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್ ಎರಡು ಪಿಟೀಲುಗಳಿಗಾಗಿ ಬರೆದಿದ್ದ ಸಂಗೀತಕ್ಕೆ ಇದನ್ನು ಕಟ್ಟಿದ.

ಭತ್ತದ ಗದ್ದೆ, ಬಂಡೆ, ಕೆರೆಗಳ ನಡುವಿನ ಈ ಊರಿನಲ್ಲಿ ಇದನ್ನೇ ಯಾಕೆ ಎತ್ತಿಕೊಂಡೆ ಎಂದು ನೀವು ಕೇಳಬಹುದು. ಕೇಳಲೇಬೇಕು. ಸಾಣಾಪುರಕ್ಕೆ ಬಂಡೆ ಹತ್ತಲು, ತೆಪ್ಪದಲ್ಲಿ ತೇಲಲು ದೇಶದೇಶಗಳಿಂದ ಜನ ಬರುತ್ತಾರೆ. ಅವರ ಊಟ, ಅವರ ಹಾಡಿನ ಅಬ್ಬರ ನಮ್ಮ ಕಿವಿಗೆ ಹೊಸದಲ್ಲ. ಆದರೆ ಅವರ ನಾಡಿನ ಸಂಗೀತದಲ್ಲಿ, ನೃತ್ಯದಲ್ಲಿ ಬಹಳ ಆಳವಾದದ್ದು ಏನಿದೆಯೋ ಅದು ಈ ದಾರಿಯಲ್ಲಿ ನಮ್ಮ ತನಕ ಬಂದಿಲ್ಲ. ಬಂದಿದ್ದರೆ, ಅದರ ಬೆನ್ನೆಲುಬು ನಮಗೆ ಮೊದಲೇ ಗೊತ್ತಿದ್ದದ್ದು ಎಂದು ನಮ್ಮ ಕೋಲಾಟ ಮೇಳದವರು ಕೂಡಲೇ ಹೇಳುತ್ತಿದ್ದರು. ಆ ನಂಟನ್ನು ಬಿಡಿಸಿ ಹೇಳುವುದೇ ನನ್ನ ಕೆಲಸ.

ಮೊದಲು ಕಾನ್ಚೆರ್ಟೊ ಎಂದರೆ ಏನು ನೋಡೋಣ. ಗೀಗೀ ಮೇಳವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಂದೆ ನಿಂತವರು ದಪ್ಪು ಬಾರಿಸುತ್ತ ನುಡಿ ಹಾಡುತ್ತಾರೆ. ಹಿಂದೆ ತುಂತುಣಿ, ತಾಳ ಹಿಡಿದವರು ಸೊಲ್ಲು ತಿರುಗಿಸುತ್ತಾರೆ. ಮುಂದಿನವರಿಗೆ ಸ್ವಾತಂತ್ರ್ಯ ಇದೆ. ನುಡಿಯನ್ನು ಬೆಳೆಸಬಹುದು, ಏರಿಸಬಹುದು, ಎಳೆಯಬಹುದು. ಹಿಂದಿನವರಿಗೆ ಜವಾಬ್ದಾರಿ ಇದೆ. ಮುಂದಿನವರು ಎಲ್ಲಿಗೇ ಹೋಗಿ ಬರಲಿ, ಆ ಸೊಲ್ಲು, ಅಂದರೆ ಪಲ್ಲ, ತಪ್ಪದೆ ಅಲ್ಲಿ ಕಾದಿರಬೇಕು. ಹದಿನೇಳನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ರೂಪ ಪಡೆದ ಕಾನ್ಚೆರ್ಟೊ ನಿಂತಿರುವುದು ಇದೇ ಏರ್ಪಾಟಿನ ಮೇಲೆ. ಇಡೀ ವಾದ್ಯಮೇಳ ಒಂದು ಪಲ್ಲವನ್ನು ನುಡಿಸುತ್ತದೆ. ಒಬ್ಬನೋ ಇಬ್ಬರೋ ಅದರಿಂದ ಹೊರಬಿದ್ದು ಸ್ವತಂತ್ರವಾಗಿ ನುಡಿಸುತ್ತಾರೆ. ಮತ್ತೆ ಮೇಳ ಪಲ್ಲವನ್ನು ಎತ್ತಿಕೊಳ್ಳುತ್ತದೆ. ರೋಮಿನಲ್ಲಿ ಕೊರೆಲ್ಲಿ, ವೆನಿಸ್‌ನಲ್ಲಿ ವಿವಾಲ್ಡಿ ಇದನ್ನು ಬೆಳೆಸಿದರು. ವಿವಾಲ್ಡಿಯ ಹನ್ನೆರಡು ಕಾನ್ಚೆರ್ಟೊಗಳ ಪುಸ್ತಕ 1711ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚಾಗಿ ಯುರೋಪಿನ ತುಂಬ ಹರಡಿತು. ಅದರಲ್ಲಿನ ಹಲವನ್ನು ಬಾಖ್ ತನ್ನ ಕೈಯಾರೆ ಕೀಲಿಮಣೆ ವಾದ್ಯಗಳಿಗೆ ಹೊಂದಿಸಿ ಬರೆದುಕೊಂಡು, ಈ ಕಟ್ಟಡವನ್ನು ಒಳಗಿನಿಂದ ಕಲಿತ.

ಒಂದು ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮೇಳದಲ್ಲಿ ಶ್ರುತಿ ಒಂದೇ. ಹಾರ್ಮೋನಿಯಂ ಎಲ್ಲಿ ನಿಂತಿದೆಯೋ ಹಾಡು ಮುಗಿಯುವ ತನಕ ಅಲ್ಲೇ ನಿಲ್ಲುತ್ತದೆ. ಕಾನ್ಚೆರ್ಟೊದಲ್ಲಿ ಪಲ್ಲ ಮರಳಿ ಬಂದಾಗ ಅದರ ಶ್ರುತಿಯ ನೆಲೆಯೇ ಬದಲಾಗಿರಬಹುದು. ಅದೇ ಪಲ್ಲ, ಆದರೆ ಬೇರೆ ಊರಿನಲ್ಲಿ ನಿಂತು ಹಾಡಿದಂತೆ. ಕೊನೆಗೆ ಮಾತ್ರ ಹೊರಟ ನೆಲೆಗೇ ಬರುತ್ತದೆ. ನಮ್ಮ ಕಿವಿಗೆ ಇದು ಒಗ್ಗಲು ಸ್ವಲ್ಪ ಹೊತ್ತು ಬೇಕು. ಒಗ್ಗಿದ ಮೇಲೆ ಕೊನೆಯ ಪಲ್ಲ ಕೊಡುವ ನೆಮ್ಮದಿ ಬೇರೆಯದೇ.

ಈಗ ನನಗೆ ಬಹಳ ಪ್ರಿಯವಾದ ಒಬ್ಬ ಮನುಷ್ಯನ ಕಥೆ ಹೇಳಬೇಕು. ಹೆಸರು ಪಿಯೆತ್ರೊ ದೆಲ್ಲ ವಾಲೆ. 1586ರಲ್ಲಿ ರೋಮಿನಲ್ಲಿ ಹುಟ್ಟಿದ ಶ್ರೀಮಂತ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅವನು ಬರುವುದು ಪ್ರವಾಸಿಯಾಗಿ. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು, ಉಳ್ಳಾಲದ ರಾಣಿಯನ್ನು ಕಂಡು ಬರೆದವನಾಗಿ. ಅವನು ಸಂಗೀತಗಾರ ಎನ್ನುವುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಇಪ್ಪತ್ತರ ಹರೆಯದಲ್ಲೇ, 1606ರ ಕಾರ್ನಿವಲ್ ಹಬ್ಬಕ್ಕೆ ರೋಮಿನ ಬೀದಿಗಳಲ್ಲಿ ಬಂಡಿಯ ಮೇಲೆ ಹಾಡಿ ಆಡುವ ಒಂದು ಸಂಗೀತರೂಪಕಕ್ಕೆ ಅವನು ಸಾಹಿತ್ಯ ಬರೆದ. ಸಂಗೀತ ಪಾವೊಲೊ ಕ್ವಾಲಿಯಾತಿಯದು. ಬರೋಕ್ ಎಂದು ಮುಂದೆ ಹೆಸರಾದ ಕಾಲದ ಹೊಸ್ತಿಲಲ್ಲಿ ಬೆಳೆದ ಕಿವಿ ಅವನದು. 1614ರಲ್ಲಿ ವೆನಿಸ್ ಬಿಟ್ಟು ಹೊರಟ. ತುರ್ಕಿ, ಈಜಿಪ್ಟ್, ಪರ್ಷಿಯಾ ಸುತ್ತಿದ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಾಗ ಅವಳ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡ. ಆ ಪೆಟ್ಟಿಗೆಯೊಡನೆಯೇ ಭಾರತಕ್ಕೆ ಬಂದ. ಕೊನೆಗೆ ರೋಮಿನಲ್ಲಿ, ತನ್ನ ಮನೆತನದವರ ಸಮಾಧಿಯಲ್ಲಿ ಅವಳನ್ನು ಮಣ್ಣು ಮಾಡಿದ.

ಇಂಥವನು 1623ರ ನವೆಂಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ಒಂದು ಸಂಜೆ ಬೀದಿಯಲ್ಲಿ ಹೆಣ್ಣುಮಕ್ಕಳ ಗುಂಪುಗಳು ಅಲಂಕಾರ ಮಾಡಿಕೊಂಡು ಸುತ್ತುಗಟ್ಟಿ ಕುಣಿಯುವುದನ್ನು ನೋಡಿದ. ಕೈಯಲ್ಲಿ ಗೇಣುದ್ದದ, ಬಣ್ಣ ಬಳಿದ ಕೋಲು. ಮದ್ದಳೆ ಮತ್ತಿತರ ವಾದ್ಯಗಳ ಅಳತೆಗೆ ಸರಿಯಾಗಿ ಕೋಲಿಗೆ ಕೋಲು ತಾಗಿಸುತ್ತಿದ್ದಾರೆ. ಗುಂಪಿನಲ್ಲಿ ಚೆನ್ನಾಗಿ ಬಲ್ಲವಳೊಬ್ಬಳು ಹಾಡಿನ ಒಂದು ನುಡಿ ಹೇಳುತ್ತಾಳೆ. ಅದರ ಕೊನೆಗೆ ಉಳಿದವರೆಲ್ಲ ಸೇರಿ ಏಳೆಂಟು ಸಲ ‘ಕೋಲೇ’ ಎಂದು ತಿರುಗಿಸುತ್ತಾರೆ. ಆ ಸೊಲ್ಲಿನ ಅರ್ಥ ಅವನಿಗೆ ತಿಳಿಯಲಿಲ್ಲ. ಏನೋ ಸಂತೋಷದ ಮಾತಿರಬೇಕು ಎಂದು ಊಹಿಸಿದ. ಅರ್ಥ ಬಾರದಿದ್ದರೂ ರಚನೆಯನ್ನು ಮಾತ್ರ ಒಂದಿಷ್ಟೂ ತಪ್ಪಿಲ್ಲದೆ ಹಿಡಿದ: ಒಬ್ಬಳು ಹಾಡುವುದು, ಮೇಳ ತಿರುಗಿಸುವುದು, ತಿರುಗಿಸುವಾಗ ಎಷ್ಟು ಸಲ ಎಂಬ ಲೆಕ್ಕ, ಪೆಟ್ಟಿಗೂ ಹೆಜ್ಜೆಗೂ ಇರುವ ಹೊಂದಿಕೆ. ಬೇರೆ ಪ್ರವಾಸಿಗಳು ನಮ್ಮ ಹೆಣ್ಣುಮಕ್ಕಳ ಒಡವೆಯನ್ನು ಎಣಿಸಿದರು. ಇವನು ಪಲ್ಲವನ್ನು ಎಣಿಸಿದ. ಸಂಗೀತಗಾರನ ಕಿವಿ ಎಂದರೆ ಇದು.

ರೋಮಿಗೆ ಹಿಂದಿರುಗಿದ ಮೇಲೆ ಅವನು ಹೊಸ ಬಗೆಯ ಶ್ರುತಿಗಳಿಗಾಗಿ ವಾದ್ಯಗಳನ್ನು ಮಾಡಿಸಿದ, ಬೈಬಲಿನ ಎಸ್ತೇರಳ ಕಥೆಗೆ ಸಂಗೀತ ಸಂಯೋಜಿಸಿದ, 1640ರಲ್ಲಿ ತನ್ನ ಕಾಲದ ಸಂಗೀತ ಹಳೆಯದಕ್ಕಿಂತ ಕಡಿಮೆಯಲ್ಲ ಎಂದು ವಾದಿಸುವ ಪ್ರಬಂಧ ಬರೆದ. ತೀರಿಕೊಂಡದ್ದು 1652ರಲ್ಲಿ. ಮರುವರ್ಷ ಕೊರೆಲ್ಲಿ ಹುಟ್ಟಿದ. ಮುಂದೆ ಅದೇ ರೋಮಿನಲ್ಲಿ ಮೇಳ ಮತ್ತು ಕೆಲವರ ನಡುವಿನ ಸಂವಾದವನ್ನು ಕಾನ್ಚೆರ್ಟೊ ಆಗಿ ನಿಲ್ಲಿಸಿದ. ಇಕ್ಕೇರಿಯ ಕೋಲಾಟದಿಂದ ಕಾನ್ಚೆರ್ಟೊ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಳ್ಳಾಗುತ್ತದೆ. ಇಟಲಿಯ ಚರ್ಚುಗಳಲ್ಲಿ ಎರಡು ಗುಂಪು ಎದುರುಬದುರು ನಿಂತು ಹಾಡುವ ರೂಢಿ ಆಗಲೇ ಇತ್ತು. ನಾನು ಹೇಳುವುದು ಇಷ್ಟೇ: ಒಬ್ಬರು ಮತ್ತು ಹಲವರು ಎಂಬ ಈ ಆಟ ಯಾರ ಸ್ವಂತ ಆಸ್ತಿಯೂ ಅಲ್ಲ. ಅದನ್ನು ಬಲ್ಲ ರೋಮಿನವನೊಬ್ಬ ನಮ್ಮ ನಾಡಿನ ಬೀದಿಯಲ್ಲಿ ನಿಂತು ಅದರ ಗುರುತು ಹಿಡಿದ. ಹಾಗಾದರೆ ನಾವು ಅವರ ರಂಗದ ಎದುರು ಕೂತು ಅದೇ ಗುರುತನ್ನು ಹಿಡಿಯಬಲ್ಲೆವು.

ಬಾಖ್‌ನ ಕೃತಿಗೆ ಬರುತ್ತೇನೆ. ಡಿ ಮೈನರ್‌ನಲ್ಲಿರುವ, ಎರಡು ಪಿಟೀಲುಗಳ ಕಾನ್ಚೆರ್ಟೊ ಅದು. ಬಾಖ್ ಕೃತಿಪಟ್ಟಿಯಲ್ಲಿ 1043ನೆಯದು. ಉಳಿದುಬಂದ ಕೈಬರಹದ ಪುಟಗಳು 1730ರ ಸುಮಾರಿನವು. ಆಗ ಬಾಖ್ ಲೈಪ್‌ಜಿಗ್‌ನಲ್ಲಿದ್ದ. ಚರ್ಚಿನ ಸಂಗೀತದ ಹೊಣೆಯ ಜೊತೆಗೆ 1729ರಿಂದ ವಿದ್ಯಾರ್ಥಿಗಳೂ ವೃತ್ತಿಪರರೂ ಸೇರಿದ್ದ ಒಂದು ಸಂಗೀತ ಮಂಡಳಿಯನ್ನೂ ನಡೆಸುತ್ತಿದ್ದ. ಆ ಮಂಡಳಿ ನುಡಿಸುತ್ತಿದ್ದದ್ದು ಝಿಮ್ಮರ್‌ಮನ್ ಎಂಬವನ ಕಾಫಿ ಅಂಗಡಿಯಲ್ಲಿ. ಅರಮನೆಯಲ್ಲ, ದೇವಸ್ಥಾನವಲ್ಲ; ಜನ ಕಾಫಿ ಕುಡಿಯುತ್ತ ಕೂತಿದ್ದ ಜಾಗ. ಈ ವಿವರ ನನಗೆ ಮುಖ್ಯ. ಶಾಸ್ತ್ರೀಯ ಎಂದ ಕೂಡಲೇ ನಮ್ಮ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದು ಬೇಡ.

ಕೃತಿಗೆ ಮೂರು ಭಾಗ. ಮೊದಲನೆಯದು ಚುರುಕಾದದ್ದು. ಎರಡನೆಯ ಪಿಟೀಲು ಮೊದಲು ಹೊರಡುತ್ತದೆ. ಸ್ವಲ್ಪ ಹೊತ್ತಿಗೆ ಮೊದಲನೆಯದು ಅದೇ ಮಾತನ್ನು ಮೇಲಿನ ನೆಲೆಯಿಂದ ಎತ್ತಿಕೊಳ್ಳುತ್ತದೆ. ಎರಡನೆಯ ಭಾಗ ನಿಧಾನ. ಇಲ್ಲಿಯೂ ಎರಡನೆಯ ಪಿಟೀಲೇ ಮೊದಲು ಬರುತ್ತದೆ, ಎರಡು ಆವರ್ತದ ನಂತರ ಮೊದಲನೆಯದು. ಒಬ್ಬರು ಕೆಳಗಿಳಿಯುವಾಗ ಇನ್ನೊಬ್ಬರು ಮೇಲೇರುತ್ತಾರೆ, ಒಬ್ಬರು ಸ್ವರ ಹಿಡಿದು ನಿಂತಾಗ ಇನ್ನೊಬ್ಬರು ಸುತ್ತಿ ಬರುತ್ತಾರೆ. ಮೂರನೆಯ ಭಾಗದಲ್ಲಿ ಹಿಂದಿನವನು ಮುಂದಿನವನ ಬೆನ್ನಿಗೇ, ಒಂದೇ ಒಂದು ಪೆಟ್ಟಿನ ಅಂತರದಲ್ಲಿ ಬರುತ್ತಾನೆ. ಇಡೀ ಕೃತಿಯಲ್ಲಿ ಯಜಮಾನ ಯಾರು, ಸಂಗಡಿಗ ಯಾರು ಎಂದು ತೀರ್ಮಾನಿಸಲು ಆಗುವುದಿಲ್ಲ. ನಮ್ಮ ಕಚೇರಿಗಳಲ್ಲಿ ಪಿಟೀಲು ಬಹುಕಾಲ ಪಕ್ಕವಾದ್ಯವಾಗಿ, ಹಾಡುಗಾರನ ನೆರಳಾಗಿ ಬಂದಿದೆ. ಮೈಸೂರಿನ ಚೌಡಯ್ಯನವರಂಥವರು ಏಳು ತಂತಿಯ ಪಿಟೀಲಿನಿಂದ ಆ ನೆರಳಿಗೆ ಮೈ ಕೊಟ್ಟರು. ನಮ್ಮ ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಎಷ್ಟೋ ವಾದ್ಯಗಳ ಜೊತೆ ಪಿಟೀಲನ್ನೂ ನುಡಿಸಿದರು. ವಾದ್ಯ ಪರದೇಶದಿಂದ ಬಂದದ್ದಾದರೂ ಈಗ ನಮ್ಮ ಮನೆಯದು. ಬಾಖ್‌ನ ಈ ಕೃತಿ ಕೇಳುವಾಗ ನಾವು ಕೇಳುತ್ತಿರುವುದು ಗುರುತಿನ ದನಿಯನ್ನೇ.

ಇನ್ನು ಬ್ಯಾಲಂಚೀನ್. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಜಾರ್ಜಿಯಾ ಮೂಲದವನು. ತಂದೆ ಸಂಗೀತ ಸಂಯೋಜಕ, ತಮ್ಮನೂ ಸಂಯೋಜಕ. ಇವನು ಬ್ಯಾಲೆ ಶಾಲೆಯಲ್ಲಿ ಕಲಿತು, ಮೇಲೆ ಸಂಗೀತ ಶಾಲೆಯಲ್ಲಿ ಪಿಯಾನೊ ಕಲಿತ. ಹೊಸ ನೃತ್ಯಕ್ಕೆ ಕೈಹಾಕುವ ಮೊದಲು ಇಡೀ ವಾದ್ಯಮೇಳದ ಬರಹವನ್ನು ಪಿಯಾನೊಗೆ ಇಳಿಸಿ ನುಡಿಸಿ ನೋಡುವಷ್ಟು ಬಲ್ಲವನಾಗಿದ್ದ. ಅಮೆರಿಕಕ್ಕೆ ಬಂದು ಶಾಲೆ ತೆರೆದ. ‘ಕಾನ್ಚೆರ್ಟೊ ಬರೋಕ್ಕೊ’ ಶುರುವಾದದ್ದು ಆ ಶಾಲೆಯ ಮಕ್ಕಳ ಅಭ್ಯಾಸಕ್ಕಾಗಿ. 1941ರ ಮೇ ಕೊನೆಗೆ ನ್ಯೂಯಾರ್ಕ್‌ನ ಹಂಟರ್ ಕಾಲೇಜಿನಲ್ಲಿ ತಾಲೀಮಿನ ರೂಪದಲ್ಲಿ ತೋರಿಸಿ, ಜೂನ್ 27ರಂದು ಬ್ರೆಜಿಲ್‌ನ ರಿಯೋ ಡಿ ಜನೈರೊದಲ್ಲಿ ಮೊದಲ ಪ್ರದರ್ಶನ ಕೊಟ್ಟರು. ಯುದ್ಧದ ಕಾಲ ಅದು. ದಕ್ಷಿಣ ಅಮೆರಿಕದ ದೇಶಗಳ ಸ್ನೇಹ ಬೇಕಾಗಿ ಅಮೆರಿಕ ಸರ್ಕಾರವೇ ಅವನ ತಂಡವನ್ನು ಕಳಿಸಿತ್ತು. ಜರ್ಮನಿಯವನ ಸಂಗೀತ, ಇಟಲಿಯವರು ಕಟ್ಟಿದ ರೂಪ, ಜಾರ್ಜಿಯಾದವನ ಕಲ್ಪನೆ, ಅಮೆರಿಕದ ಹುಡುಗಿಯರ ಕಾಲು, ಬ್ರೆಜಿಲ್‌ನ ರಂಗ. ಮೊದಲ ಪ್ರದರ್ಶನಗಳಲ್ಲಿ ಯೂಜೀನ್ ಬರ್ಮನ್ ಬರೆದ ಪರದೆ, ಉಡುಪು ಇದ್ದವು. ವರ್ಷಗಳು ಕಳೆದಂತೆ ಬ್ಯಾಲಂಚೀನ್ ಅವನ್ನೆಲ್ಲ ತೆಗೆದುಹಾಕಿ ಅಭ್ಯಾಸದ ಉಡುಪಿನಲ್ಲೇ ಕುಣಿಸಿದ. ಅಲಂಕಾರ ಹೋದ ಮೇಲೆ ಉಳಿದದ್ದು ಸಂಗೀತ ಮತ್ತು ಮೈ. 1948ರ ಅಕ್ಟೋಬರ್ 11ರಂದು ನ್ಯೂಯಾರ್ಕ್ ಸಿಟಿ ಬ್ಯಾಲೆ ಎಂಬ ತಂಡ ಹುಟ್ಟಿದ ಸಂಜೆ ಆಡಿದ ಮೂರು ನೃತ್ಯಗಳಲ್ಲಿ ಇದೂ ಒಂದು. ಬ್ಯಾಲಂಚೀನ್‌ನ ಬಳಿ ಕುಣಿದ ಆರ್ಥರ್ ಮಿಚೆಲ್ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರ ತಂಡ ಕಟ್ಟಿದಾಗ ಅವರೂ ಇದನ್ನು ತಮ್ಮದಾಗಿಸಿಕೊಂಡರು.

ಪರದೆ ಏಳುತ್ತದೆ. ಎಂಟು ಹೆಣ್ಣುಮಕ್ಕಳು ಎರಡು ಸಾಲಿನಲ್ಲಿ ನಿಂತಿದ್ದಾರೆ. ಮೇಳದ ಪಲ್ಲ ಅವರದು. ಒಂಟಿ ಪಿಟೀಲು ಹೊರಬಿದ್ದ ಹೊತ್ತಿಗೆ ಸರಿಯಾಗಿ ಒಬ್ಬಳು ಹೊರಗಿನಿಂದ ಬರುತ್ತಾಳೆ, ಇನ್ನೊಂದು ಪಿಟೀಲಿಗೆ ಇನ್ನೊಬ್ಬಳು. ಇಬ್ಬರೂ ಎರಡು ಪಿಟೀಲು. ಒಬ್ಬಳು ಮಾಡಿದ್ದನ್ನು ಇನ್ನೊಬ್ಬಳು ಸ್ವಲ್ಪ ತಡೆದು ಮಾಡುತ್ತಾಳೆ. ಕಿವಿಗೆ ಕೇಳಿದ ಹಿಂಬಾಲಿಕೆ ಕಣ್ಣಿಗೂ ಕಾಣುತ್ತದೆ. ಆದರೆ ಬ್ಯಾಲಂಚೀನ್ ಸ್ವರಕ್ಕೊಂದು ಹೆಜ್ಜೆ ಹಾಕಿಸುವವನಲ್ಲ. ಹಾಗೆ ಮಾಡಿದ್ದರೆ ನಾಲ್ಕು ನಿಮಿಷಕ್ಕೆ ಬೇಸರ ಬರುತ್ತಿತ್ತು. ಕೆಲವು ಕಡೆ ಸಂಗೀತ ಓಡುವಾಗ ಮೈ ನಿಲ್ಲುತ್ತದೆ, ಕೆಲವು ಕಡೆ ಸಂಗೀತದ ಪೆಟ್ಟಿಗೆ ಅಡ್ಡವಾಗಿ ಹೆಜ್ಜೆಯ ಪೆಟ್ಟು ಬೀಳುತ್ತದೆ. ಸಂಗೀತದೊಳಗೆ ಇದ್ದೂ ಕೇಳಿರದ ಒಂದು ಎಣಿಕೆ ಕಾಲಿನಿಂದ ಕೇಳಿಸುತ್ತದೆ.

ನಿಧಾನದ ಭಾಗದಲ್ಲಿ ಮಾತ್ರ ಗಂಡಸು ಬರುತ್ತಾನೆ. ಅವನು ಎರಡನೆಯ ಪಿಟೀಲಲ್ಲ ಎಂದು ನನ್ನ ಅನಿಸಿಕೆ. ಅವನು ಆ ಸಂಗೀತದ ಉಸಿರು. ಪಿಟೀಲಿನ ಸಾಲು ಏರಿದಂತೆ ಅವಳನ್ನು ಎತ್ತುತ್ತಾನೆ, ಬಿಲ್ಲಿನಾಕಾರದಲ್ಲಿ ಗಾಳಿಯಲ್ಲಿ ತೇಲಿಸಿ ಇಳಿಸುತ್ತಾನೆ, ಮತ್ತೆ ಎತ್ತುತ್ತಾನೆ. ಎಂಟು ಜನ ಕೈಕೈ ಹಿಡಿದು ಸರಪಳಿಯಾಗುತ್ತಾರೆ. ಆ ಸರಪಳಿಯ ತೋಳುಗಳ ಕೆಳಗೆ ನುಸುಳಿ ಜೋಡಿ ಹೊರಬರುತ್ತದೆ, ಸರಪಳಿ ಗಂಟಾಗುತ್ತದೆ, ಬಿಚ್ಚಿಕೊಳ್ಳುತ್ತದೆ. ಮೂರನೆಯ ಭಾಗದಲ್ಲಿ ಗಂಡಸು ಇಲ್ಲ. ಹತ್ತೂ ಹೆಣ್ಣುಮಕ್ಕಳು ಕಾಲ್ಬೆರಳ ತುದಿಯ ಮೇಲೆ ಕುಪ್ಪಳಿಸುತ್ತ, ಅಡ್ಡಪೆಟ್ಟುಗಳನ್ನು ಮಿಂಚಿನಂತೆ ದಾಟುತ್ತ ಮುಗಿಸುತ್ತಾರೆ. ಆ ಎಂಟು ಜನ ಹೆಚ್ಚುಕಡಿಮೆ ಉದ್ದಕ್ಕೂ ರಂಗದ ಮೇಲೇ ಇರುತ್ತಾರೆ. ಬೇರೆ ಬ್ಯಾಲೆಗಳಲ್ಲಿ ಹಿಂದಿನ ಸಾಲಿನವರು ರಾಣಿಯ ಹಿಂದೆ ಹೂಕುಂಡದ ಹಾಗೆ ನಿಲ್ಲುವುದುಂಟು. ಇಲ್ಲಿ ಮೇಳಕ್ಕೆ ಪೂರ್ಣ ಗೌರವ ಇದೆ. ನಾನು ಈ ಕೃತಿಯನ್ನು ಪ್ರೀತಿಸಲು ಅದೇ ದೊಡ್ಡ ಕಾರಣ.

ಈ ನೃತ್ಯವನ್ನು ವರ್ಣಿಸಿದಾಗಲೆಲ್ಲ ಬರುವ ಪ್ರಶ್ನೆ, ಕಥೆ ಏನು? ಬಯಲಾಟ ನೋಡಿ ಬೆಳೆದ ನಮಗೆ ಅದು ಸಹಜವಾದ ಪ್ರಶ್ನೆ. ದೊಡ್ಡಾಟದಲ್ಲಿ ಪಾತ್ರ ಇದೆ, ಮಾತು ಇದೆ, ಯುದ್ಧ ಇದೆ. ಆದರೆ ಅದೇ ಬಯಲಾಟದಲ್ಲಿ ಪಾತ್ರಧಾರಿ ಮಾತು ನಿಲ್ಲಿಸಿ ಮದ್ದಳೆಯ ಎದುರು ಹೆಜ್ಜೆ ಹಾಕುವ ಹೊತ್ತು ಇದೆಯಲ್ಲ, ಆಗ ಕಥೆ ಎಲ್ಲಿಗೆ ಹೋಗಿರುತ್ತದೆ? ನಮ್ಮ ಶಾಸ್ತ್ರ ಅದನ್ನು ನೃತ್ತ ಎಂದು ಬೇರೆಯಾಗಿಯೇ ಗುರುತಿಸಿದೆ. ಭರತನಾಟ್ಯದ ಜತಿಸ್ವರ, ತಿಲ್ಲಾನಗಳಿಗೆ ಕಥೆ ಇಲ್ಲ. ಈ ಸೀಮೆಯ ಅಲಾಯಿ (ಮೊಹರಂ) ಹಬ್ಬದಲ್ಲಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಕೂಡಿ ಹಾಕುವ ಹೆಜ್ಜೆ ಕುಣಿತ ನೋಡಿದವರು ಬಲ್ಲರು. ರಿವಾಯತ ಪದದಲ್ಲಿ ಕರ್ಬಲಾದ ಕಥೆ ಇದೆ, ಹೌದು. ಆದರೆ ಸಾಲು ಮುಂದೆ ಬಾಗಿ ಹಿಂದೆ ಸರಿದು ಒಂದೇ ಸಲಕ್ಕೆ ತಿರುಗುವಾಗ ನೋಡುವವನ ಮೈ ಜುಮ್ಮೆನ್ನುವುದು ಕಥೆಯಿಂದಲ್ಲ. ಇಪ್ಪತ್ತು ಕಾಲು ಒಂದಾಗಿ ನೆಲ ಮುಟ್ಟಿದ್ದರಿಂದ.

ಜಡೆ ಕೋಲಾಟವನ್ನು ನೆನೆಯಿರಿ. ಮೇಲೆ ಒಂದು ಕಡೆ ಕಟ್ಟಿದ ಬಣ್ಣಬಣ್ಣದ ಹಗ್ಗ ಅಥವಾ ಬಟ್ಟೆಯ ಎಳೆಗಳು, ಕೆಳಗೆ ಒಂದೊಂದು ಎಳೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಕೋಲು ಹಾಕುವವರು. ಒಬ್ಬರ ಒಳಗೆ, ಒಬ್ಬರ ಹೊರಗೆ ಹಾಯುತ್ತ ಹೋದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಹೆಣೆದದ್ದನ್ನು ಹಾಗೇ ಹಿಂದುಮುಂದಾಗಿ ಕುಣಿದು ಬಿಚ್ಚಬೇಕು. ಒಬ್ಬರು ಒಂದು ಹೆಜ್ಜೆ ತಪ್ಪಿದರೂ ಗಂಟು ಬೀಳುತ್ತದೆ, ಗಂಟು ಎಲ್ಲರ ಕಣ್ಣಿಗೂ ಕಾಣುತ್ತದೆ. ಬಾಖ್‌ನ ಸಂಗೀತದಲ್ಲಿ ಸ್ವತಂತ್ರವಾದ ಸಾಲುಗಳು ಒಂದರೊಳಗೊಂದು ಹಾಯುವ ಕ್ರಮವನ್ನು ಪಾಶ್ಚಾತ್ಯರು ಬಹಳ ದೊಡ್ಡ ವಿದ್ಯೆ ಎಂದು ಗೌರವಿಸುತ್ತಾರೆ. ಅದು ದೊಡ್ಡ ವಿದ್ಯೆಯೇ. ಆ ವಿದ್ಯೆಯನ್ನು ಕೈಗೆ ಸಿಗುವ ಹಗ್ಗದಲ್ಲಿ ಹೆಣೆದು ತೋರಿಸುವ ನಮ್ಮ ಹಳ್ಳಿಯ ಹುಡುಗರಿಗೂ ಅಷ್ಟೇ ಗೌರವ ಸಲ್ಲಬೇಕು ಎಂಬುದು ನನ್ನ ವಾದ.

ಹೊಳೆಯ ಆಚೆಗೆ, ಹಂಪಿಯತ್ತ ಒಮ್ಮೆ ನೋಡೋಣ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೋಲು ಹಿಡಿದು ಕುಣಿಯುವವರ ಸಾಲಿದೆ, ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆಗಳ ಸಾಲಿನ ಜೊತೆಗೇ ನರ್ತಕಿಯರ ಸಾಲಿದೆ. ಅವನ್ನು ನೀವೆಲ್ಲ ನೋಡಿದ್ದೀರಿ. ಈಗ ಉಳಿಯದ ಒಂದು ಮನೆಯ ಬಗ್ಗೆ ಹೇಳುತ್ತೇನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅರಮನೆಯೊಳಗೆ ಹೆಣ್ಣುಮಕ್ಕಳು ನೃತ್ಯ ಕಲಿಯುವ ಉದ್ದನೆಯ ಶಾಲೆಯನ್ನು ನೋಡಿದ. ಅದರಲ್ಲಿ ಕೆತ್ತಿದ ಫಲಕಗಳಿದ್ದವು. ಒಂದೊಂದು ಫಲಕದಲ್ಲಿ ಒಂದೊಂದು ನೃತ್ಯದ ಮುಕ್ತಾಯದ ಭಂಗಿ. ಕಲಿಯುವವಳಿಗೆ ಕೊನೆಯಲ್ಲಿ ಹೇಗೆ ನಿಲ್ಲಬೇಕೆಂಬುದು ಮರೆತರೆ ಆ ಫಲಕ ನೋಡಿ ನೆನಪಿಸಿಕೊಳ್ಳಲಿ ಎಂದು. ಅದೇ ಮನೆಯ ಒಂದು ತುದಿಯಲ್ಲಿ ಬಣ್ಣ ಬಳಿದ ಒಂದು ಗೂಡು. ಅಲ್ಲಿ ಹುಡುಗಿಯರು ಕೈಯಿಂದ ಆತುಕೊಂಡು ಮೈಯನ್ನು, ಕಾಲನ್ನು ಎಳೆದು ಸಡಿಲಿಸುತ್ತಿದ್ದರು.

ಇದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಂದು ಜಗತ್ತಿನ ಯಾವ ಬ್ಯಾಲೆ ಶಾಲೆಗೆ ಹೋದರೂ ಗೋಡೆಯ ಉದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಮರದ ದಂಡ ಕಾಣುತ್ತದೆ. ದಿನದ ಪಾಠ ಅದನ್ನು ಹಿಡಿದುಕೊಂಡೇ ಶುರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ನೃತ್ಯಕ್ಕೆ ಅಕಾಡೆಮಿ ತೆರೆದದ್ದು 1661ರಲ್ಲಿ. ಅದಕ್ಕೂ ಸುಮಾರು ನೂರ ನಲವತ್ತು ವರ್ಷ ಮೊದಲೇ ತುಂಗಭದ್ರೆಯ ದಂಡೆಯಲ್ಲಿ ಮೈ ಹದಮಾಡಿಕೊಳ್ಳಲು ಹಿಡಿದು ನಿಲ್ಲುವ ಜಾಗವಿತ್ತು, ನೆನಪಿಗೆ ಕಲ್ಲಿನ ಪಾಠವಿತ್ತು. ಯಾರು ಮೊದಲು ಎಂಬ ಪೈಪೋಟಿಗಾಗಿ ಇದನ್ನು ಹೇಳುತ್ತಿಲ್ಲ. ಮೈಯಿಂದ ಕಲೆ ಹುಟ್ಟಬೇಕಾದರೆ ಎಲ್ಲಿಯಾದರೂ ಬೇಕಾಗುವುದು ಇಷ್ಟೇ: ಹಿಡಿದು ನಿಲ್ಲಲು ಆಸರೆ, ಮರೆಯದಿರಲು ಗುರುತು, ತಿದ್ದಲು ಗುರು. ವಿಜಯನಗರದವರಿಗೆ ಅದು ಗೊತ್ತಿತ್ತು, ಅರಸರು ಅದಕ್ಕೆ ಹಣ ಹಾಕಿದರು.

ಭೇದಗಳನ್ನು ಮುಚ್ಚಿಡುವುದಿಲ್ಲ. ಬ್ಯಾಲೆಯ ಮೈ ನೆಲವನ್ನು ಬಿಟ್ಟೇಳಲು ನೋಡುತ್ತದೆ, ನಮ್ಮದು ಮೊಣಕಾಲು ಬಗ್ಗಿಸಿ ನೆಲಕ್ಕೆ ಹತ್ತಿರವಾಗುತ್ತದೆ. ಬ್ಯಾಲೆಯ ನರ್ತಕಿ ಹಾಡುವುದಿಲ್ಲ, ಸಾಮಾನ್ಯವಾಗಿ ಅವಳ ಹೆಜ್ಜೆಯ ಸದ್ದು ಕೇಳಿಸಬಾರದು. ಕೋಲಾಟದವನು ತಾನೇ ಹಾಡುತ್ತಾನೆ, ತಾನೇ ಕುಣಿಯುತ್ತಾನೆ, ತಾಳವನ್ನೂ ತಾನೇ ಹುಟ್ಟಿಸುತ್ತಾನೆ. ಈ ಒಂದು ವಿಷಯದಲ್ಲಿ ನಮ್ಮ ಕಲೆಯೇ ಹೆಚ್ಚು ಸಮೃದ್ಧ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಬ್ಯಾಲಂಚೀನ್‌ಗೂ ಇದರ ಆಸೆ ಇತ್ತೋ ಏನೋ. 1957ರಲ್ಲಿ ಅವನು ಕೊರೆಲ್ಲಿ ಮತ್ತು ವಿವಾಲ್ಡಿಯ ಸಂಗೀತಕ್ಕೆ ‘ಸ್ಕ್ವೇರ್ ಡ್ಯಾನ್ಸ್’ ಎಂಬ ಬ್ಯಾಲೆ ಮಾಡಿದ. ಅಮೆರಿಕದ ಹಳ್ಳಿಗಳಲ್ಲಿ ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯುವಾಗ ಒಬ್ಬ ನಿಂತು ಮುಂದಿನ ಚಲನೆಯನ್ನು ಪ್ರಾಸಬದ್ಧವಾಗಿ ಕೂಗಿ ಹೇಳುವ ಪದ್ಧತಿ ಇದೆ. ಅಂಥ ಕೂಗುಗಾರನನ್ನೂ ವಾದ್ಯದವರನ್ನೂ ರಂಗದ ಮೇಲೆಯೇ ತಂದು, ಬರೋಕ್ ಸಂಗೀತಕ್ಕೆ ಹಳ್ಳಿಯ ಕರೆ ಹಾಕಿಸಿದ. 1976ರಲ್ಲಿ ಪುನಃ ಆಡಿಸುವಾಗ ಕೂಗುಗಾರನನ್ನು ತೆಗೆದ. ತೆಗೆಯಬಾರದಿತ್ತು ಎಂದು ನನಗೆ ಅನಿಸುತ್ತದೆ.

ನಮ್ಮಲ್ಲೂ ಇಂಥ ದಾರಿ ಹುಡುಕಿದವರಿದ್ದಾರೆ. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಬ್ಯಾಲೆ ಮಾಡಿದರು. ಅದಕ್ಕೆ ಬಂದ ವಿರೋಧ ಸಣ್ಣದಲ್ಲ. ಅರ್ಥಗಾರಿಕೆ ಇಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಆದರೆ ಹೆಜ್ಜೆ ಮತ್ತು ಸಂಗೀತ ಇವೆರಡೇ ಒಂದು ರಾತ್ರಿಯನ್ನು ಹೊರಬಲ್ಲವು ಎಂಬ ನಂಬಿಕೆಯಲ್ಲಿ ಕಾರಂತರು ಬ್ಯಾಲಂಚೀನ್‌ನ ಸಮಕಾಲೀನರು ಮಾತ್ರವಲ್ಲ, ಸಹೋದ್ಯೋಗಿ. ಬೆಂಗಳೂರಿನ ಮಾಯಾ ರಾವ್ ಕಥಕ್ ಕಲಿತು, ಸೋವಿಯತ್ ಒಕ್ಕೂಟಕ್ಕೆ ಹೋಗಿ ನೃತ್ಯ ಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಅಭ್ಯಾಸ ಮಾಡಿ ಬಂದು, ಆ ಶಿಕ್ಷಣ ಕೊಡುವ ಸಂಸ್ಥೆ ನಡೆಸಿದರು. ಗುಂಪನ್ನು ರಂಗದ ಮೇಲೆ ಹೇಗೆ ನಿಲ್ಲಿಸಬೇಕು, ಹೇಗೆ ಬಿಚ್ಚಬೇಕು ಎಂಬುದನ್ನು ಕಲಿಸಬಹುದು, ಕಲಿಯಬಹುದು ಎಂದು ತೋರಿಸಿದವರು ಅವರು.

ಬ್ಯಾಲಂಚೀನ್ 1983ರಲ್ಲಿ ತೀರಿಕೊಂಡ. ಅವನ ನೃತ್ಯಗಳನ್ನು ಕಾಯಲು ಒಂದು ಟ್ರಸ್ಟ್ ಇದೆ. ಯಾವ ದೇಶದ ತಂಡ ‘ಕಾನ್ಚೆರ್ಟೊ ಬರೋಕ್ಕೊ’ ಆಡಬೇಕೆಂದರೂ ಅದರ ಅನುಮತಿ ಬೇಕು. ಆ ನೃತ್ಯವನ್ನು ಕುಣಿದು ಬಲ್ಲವರೊಬ್ಬರು ಬಂದು ಹೆಜ್ಜೆ ಹೆಜ್ಜೆಯಾಗಿ ಕಲಿಸುತ್ತಾರೆ. ಎಂಟು ಜನರಲ್ಲಿ ಮೂರನೆಯವಳು ಯಾವ ಎಣಿಕೆಗೆ ಯಾರ ತೋಳಿನ ಕೆಳಗೆ ಹಾಯಬೇಕು ಎಂಬುದು ಇನ್ನೂ ಉಳಿದಿರುವುದು ಹಾಗೆ. ನಮ್ಮ ಜಡೆ ಕೋಲಾಟದ ಹೆಣಿಗೆಗಳು ಹಿರಿಯರ ಕಾಲಿನಲ್ಲಿವೆ. ಹಿರಿಯರ ಜೊತೆ ಕುಣಿದ ಹುಡುಗರಿದ್ದರೆ ಉಳಿಯುತ್ತವೆ, ಇಲ್ಲದಿದ್ದರೆ ಇಲ್ಲ. ಪಾಯೆಸ್ ಕಂಡ ಫಲಕದ ಕೆಲಸವನ್ನು ಈಗ ಜೇಬಿನಲ್ಲಿರುವ ಮೊಬೈಲ್ ಮಾಡಬಲ್ಲದು. ಮುಂದಿನಿಂದ ಹಿಡಿದ ವಿಡಿಯೊದಲ್ಲಿ ಮುಖ ಕಾಣುತ್ತದೆ, ಹೆಣಿಗೆ ಕಾಣುವುದಿಲ್ಲ. ಮಾಳಿಗೆಯ ಮೇಲಿನಿಂದ, ಇಲ್ಲವೇ ಒಂದು ಬಂಡೆ ಹತ್ತಿ, ಮೇಲಿನಿಂದ ಹಿಡಿಯಬೇಕು. ಬಂಡೆಗೆ ಇಲ್ಲಿ ಕೊರತೆಯಿಲ್ಲ. ಜೊತೆಗೆ ಪ್ರತಿಯೊಬ್ಬರ ಹಗ್ಗದ ಬಣ್ಣವನ್ನೂ ಹಾಯುವ ದಿಕ್ಕನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ನಮ್ಮ ಶಾಲೆಯ ಮಕ್ಕಳು ಮಾಡಬಹುದಾದ ಕೆಲಸ ಇದು. ಎಂಟು ಬಣ್ಣದ ಪೆನ್ಸಿಲ್ ಸಾಕು.

ದತ್ತಿ ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ ಇದೆ. ಬರುವ ವರ್ಷ ಉಪನ್ಯಾಸ ಒಂದರ್ಧ ಗಂಟೆ ಸಾಕು; ಉಳಿದ ಹೊತ್ತಿಗೆ ಪಿಟೀಲು ಕಲಿಯುತ್ತಿರುವ ಇಬ್ಬರು ವಿದ್ಯಾರ್ಥಿಗಳನ್ನು ಕರೆಸಲಿ; ಅವರು ಬಾಖ್‌ನ ಆ ನಿಧಾನದ ಭಾಗವನ್ನು ನುಡಿಸಲಿ. ಅದರ ನಡೆ ನಮಗೆ ಕಷ್ಟವಲ್ಲ. ಆವರ್ತಕ್ಕೆ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿನೊಳಗೆ ಮೂರು ಎಣಿಕೆ; ನಮ್ಮ ತಿಶ್ರ ನಡೆ. ಕೋಲಾಟ ಮೇಳದವರು ಮೊದಲು ಕೋಲು ಮುಟ್ಟದೆ ಎರಡು ಸಲ ಕೇಳಲಿ. ಮೂರನೆಯ ಸಲ ಎರಡನೆಯ ಪಿಟೀಲಿಗೆ ನಾಲ್ಕು ಜನ ಒಳಸುತ್ತಿನಲ್ಲಿ ಹೊರಡಲಿ, ಎರಡು ಆವರ್ತ ಬಿಟ್ಟು ಮೊದಲನೆಯದಕ್ಕೆ ನಾಲ್ಕು ಜನ ಹೊರಸುತ್ತಿನಲ್ಲಿ. ಕೋಲಿನ ಪೆಟ್ಟು ಮೆತ್ತಗಿರಲಿ, ಹನ್ನೆರಡರಲ್ಲಿ ಮೊದಲನೆಯದಕ್ಕೆ ಮತ್ತು ಏಳನೆಯದಕ್ಕೆ ಮಾತ್ರ. ಅಷ್ಟಾದ ಮೇಲೆ ಎಲ್ಲಿ ಹಾಯಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಮೇಳದ ಹಿರಿಯರೇ ತೀರ್ಮಾನಿಸಲಿ.